ಎರಡೂ ಕೈಯಲ್ಲಿ ಬರೆಯುತ್ತಿದ್ದ ಮೇಡಂ

ನಮ್ಮ ಹಿಸ್ಟರಿ ಮೇಡಂ ಎರಡೂ ಕೈಯಲ್ಲಿ ಬರೆಯುತ್ತಿದ್ದರು. ಬೋರ್ಡಿನ ಬಲಗಡೆಗೆ ಬಲಗೈ, ಎಡಗಡೆಗೆ ಎಡಗೈ. ಸೀಮೆಸುಣ್ಣ ಈ ಕೈಯಿಂದ ಆ ಕೈಗೆ ದಾಟುವಾಗ ಮಾತು ನಿಲ್ಲುತ್ತಿರಲಿಲ್ಲ, ಕಣ್ಣು ನಮ್ಮ ಮೇಲಿಂದ ಸರಿಯುತ್ತಲೂ ಇರಲಿಲ್ಲ. ಅಕ್ಷರ ಎರಡು ಕಡೆಯೂ ಒಂದೇ ಥರ ದುಂಡಗೆ, ಸಾಲು ಹಿಡಿದು ಕೂತಿರುತ್ತಿತ್ತು. ಪಿರಿಯಡ್ ಮುಗಿಯುವ ಹೊತ್ತಿಗೆ ಎರಡು ಕೈಯ ಬೆರಳೂ ಬೆಳ್ಳಗಾಗಿ, ಅದನ್ನು ಅವರು ಯೋಚನೆಯಿಲ್ಲದೆ ಸೀರೆಗೆ ಒರೆಸಿಕೊಂಡು, ಸೊಂಟದ ಎರಡೂ ಪಕ್ಕ ಒಂದೊಂದು ಬಿಳಿ ಮಚ್ಚೆ ಹೊತ್ತುಕೊಂಡೇ ಸಂಜೆ ಬಸ್ ಹತ್ತುತ್ತಿದ್ದರು.

ಹುಟ್ಟಿನಿಂದ ಎಡಚಿ. ಹುಡುಗಿ ಎಡಗೈಯಲ್ಲಿ ಉಂಡರೆ ಕೊಟ್ಟ ಮನೆಯಲ್ಲಿ ಏನಂದುಕೊಳ್ಳುತ್ತಾರೆ ಎಂದು ಅವರ ಅಜ್ಜಿ ಆ ಕೈಗೆ ಬಟ್ಟೆ ಸುತ್ತಿ ಊಟಕ್ಕೆ ಕೂರಿಸುತ್ತಿದ್ದರಂತೆ. ಬಲಗೈ ಹಾಗೆ ಕಲಿಯಿತು. ಶಾಲೆಯಲ್ಲಿ ಅಜ್ಜಿ ಇರಲಿಲ್ಲವಲ್ಲ, ಅಲ್ಲಿ ಎಡಗೈ ತನ್ನ ಪಾಡಿಗೆ ತಾನು ಕಲಿಯಿತು. “ಕಟ್ಟಿದ ಕೈನೂ ನಂದೇ, ಬಿಟ್ಟ ಕೈನೂ ನಂದೇ. ಯಾವುದನ್ನ ಬೇಡ ಅನ್ಲಿ?” ಎಂದು ನಗುತ್ತಿದ್ದರು.

ಕಾಲೇಜಿನ ಹೆಸರಾಗಲಿ ಅದಿರುವ ಊರಿನ ಹೆಸರಾಗಲಿ ಬರೆಯುವುದಿಲ್ಲ. ಹಾಸನ ಜಿಲ್ಲೆಯ ಒಂದು ಖಾಸಗಿ ಡಿಗ್ರಿ ಕಾಲೇಜು ಎಂದರೆ ಸಾಕು. ನನಗೆ ಅಲ್ಲಿ ಇನ್ನೂ ಕೆಲಸವಿದೆ, ಅದು ವರ್ಷ ವರ್ಷ ಮುಂದುವರಿಯಬೇಕಾದ ಕೆಲಸ. ಇಷ್ಟು ಹೇಳಿದ ಮೇಲೆ ಉಳಿದದ್ದು ನಿಮಗೇ ಅರ್ಥವಾಗುತ್ತದೆ.

ಶನಿವಾರದ ಕೊನೆಯ ಪಿರಿಯಡ್ಡಿಗೆ ನಾವು ‘ಗೆರೆ ಕ್ಲಾಸ್’ ಎನ್ನುತ್ತಿದ್ದೆವು. ಮೇಡಂ ಒಳಗೆ ಬಂದವರೇ ಬೋರ್ಡಿನ ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆಯುತ್ತಿದ್ದರು. ವಿಷಯ ನಾವು ಕೊಡಬೇಕು. ಯಾವುದಾದರೂ ಸರಿ, ಜಗಳ ಬರುವಂಥದ್ದಾಗಿರಬೇಕು. ಅರ್ಧ ಪಿರಿಯಡ್ ಬಲಗೈಯಲ್ಲಿ ಬರೆಯುತ್ತಾ ಒಂದು ಕಡೆಯನ್ನು ಹಿಡಿದು ವಾದಿಸುವರು. ತೋರಿಕೆಗಲ್ಲ, ಅದೇ ಅವರ ಪ್ರಾಣವೇನೋ ಎನ್ನುವ ಹಾಗೆ. ನಾವು ಎದ್ದು ಎದುರು ಮಾತಾಡಬೇಕು. ಆಮೇಲೆ ಸೀಮೆಸುಣ್ಣ ಎಡಗೈಗೆ ದಾಟುತ್ತಿತ್ತು. ಆಗ ಅದೇ ಹೆಂಗಸು, ಅದೇ ಗಂಟಲಿನಲ್ಲಿ, ತಾನು ಈಗಷ್ಟೇ ಕಟ್ಟಿದ್ದನ್ನೆಲ್ಲ ಇಟ್ಟಿಗೆ ಇಟ್ಟಿಗೆಯಾಗಿ ಕೆಡವುತ್ತಿದ್ದರು. ಕ್ಲಾಸಿನ ಬಾಗಿಲು ಮಾತ್ರ ಯಾವಾಗಲೂ ತೆರೆದೇ ಇರಬೇಕು. ವರಾಂಡದಲ್ಲಿ ಹೋಗುವ ಜವಾನರೂ ನಿಂತು ಕೇಳುತ್ತಿದ್ದರು.

ಕೊನೆಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಿದ್ದರು: “ಮೇಡಂ, ನಿಮ್ದು ಯಾವ ಕಡೆ?”

“ಬೆಲ್ ಆಯ್ತು,” ಎನ್ನುತ್ತಿದ್ದರು ಮೇಡಂ, ಬೆಲ್ ಆಗಿರಲಿ ಬಿಡಲಿ. ಡಸ್ಟರ್ ತೆಗೆದುಕೊಂಡು ಎರಡೂ ಕಡೆ ಒಂದೇ ಸಮ ಒರೆಸಿಬಿಡುತ್ತಿದ್ದರು.

ಕ್ಯಾಂಟೀನಿನಲ್ಲಿ ಇದರ ಮೇಲೆ ಬೋಂಡಾ ಪಂದ್ಯ ನಡೆಯುತ್ತಿತ್ತು. ಹುಟ್ಟಿದ್ದು ಎಡಚಿಯಾಗಿ, ಆದ್ದರಿಂದ ಎಡಗಡೆಯದ್ದೇ ಅವರ ನಿಜವಾದ ಮಾತು ಎಂದು ಹುಡುಗರ ಗುಂಪು. ಕಷ್ಟಪಟ್ಟು ಕಲಿತದ್ದರ ಮೇಲೇ ಪ್ರೀತಿ ಜಾಸ್ತಿ, ಆದ್ದರಿಂದ ಬಲಗಡೆಯದ್ದು ಎಂದು ನಾವು. ಪಂದ್ಯ ಯಾರೂ ಗೆಲ್ಲಲಿಲ್ಲ. ಬೋಂಡಾ ಮಾತ್ರ ಎಲ್ಲರೂ ತಿಂದೆವು.

ಆ ಕ್ಲಾಸು ನನಗೆ ಏನು ಕೊಟ್ಟಿತು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ನಾನು ಅರಕಲಗೂಡಿನವಳು, ಅಪ್ಪನದು ಬಟ್ಟೆ ಅಂಗಡಿ. ಡಿಗ್ರಿಯ ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಮನೆಗೆ ಗಂಡಿನವರು ಬಂದು ಹೋಗಲು ಶುರುವಾಗಿತ್ತು. ಒಂದು ಶನಿವಾರ ನಮ್ಮಲ್ಲೊಬ್ಬಳು ಇದನ್ನೇ ವಿಷಯವಾಗಿ ಕೊಟ್ಟಳು: ಓದು ಮುಗಿಯುವ ಮೊದಲು ಹುಡುಗಿಯರ ಮದುವೆ ಮಾಡಬಹುದೇ? ಮೇಡಂ ಬಲಗೈಯಲ್ಲಿ ‘ಮಾಡಬಹುದು’ ಎಂದು ಬರೆದು ಶುರು ಮಾಡಿದರು ನೋಡಿ. ತಂದೆಯ ವಯಸ್ಸು, ತಾಯಿಯ ಚಿಂತೆ, ಊರಿನ ಬಾಯಿ, ಒಳ್ಳೆಯ ಸಂಬಂಧ ಕಾಯುವುದಿಲ್ಲ, ಓದನ್ನು ಗಂಡನ ಮನೆಯಲ್ಲೂ ಮುಂದುವರಿಸಬಹುದು. ನನ್ನ ಅಪ್ಪನೇ ಸೀರೆ ಉಟ್ಟು ಬಂದು ನಿಂತ ಹಾಗಿತ್ತು. ನನಗೆ ಎಲ್ಲಿತ್ತೋ ಸಿಟ್ಟು, ಎದ್ದು ನಿಂತು ಅರಚಿದೆ. ಜೀವಮಾನದಲ್ಲಿ ಅಷ್ಟು ಜನರ ಮುಂದೆ ಬಾಯಿ ಬಿಟ್ಟದ್ದು ಅದೇ ಮೊದಲು. ಮೇಡಂ ಒಂದು ಚೂರೂ ಬಿಟ್ಟುಕೊಡಲಿಲ್ಲ. ನಾನು ಅಂದದ್ದಕ್ಕೆಲ್ಲ ಉತ್ತರ ಕೊಟ್ಟರು, ನಾನು ಮತ್ತೆ ಉತ್ತರ ಹುಡುಕಿದೆ. ಅಳು ಬಂತು, ಆದರೂ ಕೂರಲಿಲ್ಲ.

ಮುಂದಿನ ವಾರ ಮನೆಯಲ್ಲಿ ಅಪ್ಪ ಮಾತು ತೆಗೆದರು. “ಓದಿ ಏನ್ ಕಡಿದು ಕಟ್ಟೆ ಹಾಕ್ಬೇಕು ನೀನು?” ಎಂದು ಅವರು ಶುರು ಮಾಡಿದಾಗ ನನಗೆ ಆಶ್ಚರ್ಯವಾಯಿತು, ಏಕೆಂದರೆ ಅವರು ಮುಂದೆ ಏನು ಹೇಳುತ್ತಾರೆಂದು ನನಗೆ ಪೂರ್ತಿ ಗೊತ್ತಿತ್ತು. ಅದನ್ನೆಲ್ಲ ಮೇಡಂ ಅಪ್ಪನಿಗಿಂತ ಚೆನ್ನಾಗಿ ಆಗಲೇ ಹೇಳಿಯಾಗಿತ್ತು. ನಾನು ಅರಚಲಿಲ್ಲ, ಅಳಲೂ ಇಲ್ಲ. ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಟ್ಟೆ. ಅಪ್ಪ ಅಂಗಡಿಗೆ ಹೊರಟವರು ಬಾಗಿಲಲ್ಲಿ ನಿಂತು ಅಮ್ಮನಿಗೆ “ಇವಳಿಗೆ ಇಷ್ಟೊಂದು ಮಾತು ಯಾರೇ ಕಲಿಸಿದ್ದು?” ಎಂದರು. ಗಂಡಿನವರು ಬರುವುದು ನಿಂತಿತು. ನಾನು ಎಂ.ಎ. ಮಾಡಿ, ಅದೇ ಕಾಲೇಜಿಗೆ ಪಾರ್ಟ್ ಟೈಮ್ ಲೆಕ್ಚರರ್ ಆಗಿ ಬಂದು ಮೇಡಂ ಪಕ್ಕದ ಟೇಬಲ್ಲಿನಲ್ಲಿ ಕೂತೆ.

ಆ ಮೊದಲ ವರ್ಷದ ಬೇಸಿಗೆಯಲ್ಲಿ ಅವರು ನನ್ನನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋದರು. ಹೇಮಾವತಿ ಡ್ಯಾಮಿನ ಹಿನ್ನೀರು ಇಳಿದಿತ್ತು. ಮುರುಕು ಚರ್ಚಿನ ಮುಂದೆ ಮದುವೆಯಾಗಲಿರುವ ಜೋಡಿಗಳು ಬಾಡಿಗೆ ಗೌನು ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದವು. ಮೇಡಂ ಅದನ್ನು ತಿರುಗಿಯೂ ನೋಡದೆ ಕೆಸರು ಒಣಗಿದ ದಾರಿಯಲ್ಲಿ ಬಹಳ ದೂರ ನಡೆಸಿದರು. ನೀರಿನ ಅಂಚಿಗೆ ಬಂದ ಮೇಲೆ ನಿಂತರು.

“ಆ ಒಣಮರದ ಬೊಡ್ಡೆ ಕಾಣ್ತಿದೆಯಲ್ಲ, ಅದರಿಂದ ಆಚೆಗೆ ನಮ್ಮನೆ,” ಎಂದರು.

ನನಗೆ ಅರ್ಥವಾಗಲಿಲ್ಲ. ಅಲ್ಲಿ ಬರೀ ನೀರಿತ್ತು.

“ನನ್ನ ತವರು ಕಣೇ. ನೀರು ನಿಲ್ಲಿಸಿದಾಗ ನಾನು ಹೈಸ್ಕೂಲು. ಚನ್ನರಾಯಪಟ್ಟಣದಲ್ಲಿ ಚಿಕ್ಕಮ್ಮನ ಮನೇಲಿ ಓದ್ತಿದ್ದೆ. ಬೇಸಿಗೆ ರಜಕ್ಕೆ ಹೋಗೋಕೆ ಊರೇ ಇರಲಿಲ್ಲ. ಚರ್ಚು ಇಟ್ಟಿಗೆ ಗಾರೆದು, ನಿಂತಿದೆ, ಎಲ್ಲರೂ ಫೋಟೋ ತೆಗೀತಾರೆ. ನಮ್ದು ಮಣ್ಣಿನ ಗೋಡೆ. ಒಂದೇ ಮಳೆಗಾಲಕ್ಕೆ ಕರಗಿಹೋಯ್ತಂತೆ.”

ಕೈಗೆ ಬಟ್ಟೆ ಕಟ್ಟುತ್ತಿದ್ದ ಅಜ್ಜಿಯ ಸಮಾಧಿಯೂ ಅಲ್ಲೇ, ಹೊಲದ ಬದುವಿನಲ್ಲಿ ಇತ್ತಂತೆ. ನನ್ನ ಬಾಯಿ ಸುಮ್ಮನಿರಬೇಕಲ್ಲ, “ಹಾಗಾದ್ರೆ ಡ್ಯಾಮ್ ಕಟ್ಟಬಾರದಿತ್ತು ಅಲ್ವಾ ಮೇಡಂ?” ಎಂದೆ.

ಅವರು ನೀರಿನ ಕಡೆ ಕೈ ತೋರಿಸಿದರು. “ನಮ್ಮಣ್ಣನಿಗೆ ಬದಲಿ ಜಮೀನು ಕೊಟ್ರಲ್ಲ, ಅದಕ್ಕೆ ಇದೇ ನೀರು ಹಾಯುತ್ತೆ. ಅವನ ಮಕ್ಕಳೆಲ್ಲ ಓದಿದ್ದು ಆ ಬತ್ತದಿಂದ,” ಎಂದು ಹೇಳಿ ವಾಪಸು ಹೊರಟರು. ಆ ದಿನವೂ ಅವರು ಯಾವ ಕಡೆಯೆಂದು ನನಗೆ ಗೊತ್ತಾಗಲಿಲ್ಲ.

ಅವರ ನಿವೃತ್ತಿ ಹತ್ತಿರವಾಗುತ್ತಿತ್ತು. ಒಂದು ಶನಿವಾರ ನಾನು ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದೆ. ಎರಡು ಕೋಣೆಯ ಬಾಗಿಲೂ ತೆರೆದಿದ್ದರಿಂದ ಗೆರೆ ಕ್ಲಾಸಿನ ಒಂದೊಂದು ಮಾತೂ ಕೇಳುತ್ತಿತ್ತು. ನನ್ನ ಹುಡುಗರು ನನ್ನ ಪಾಠ ಬಿಟ್ಟು ಅದನ್ನೇ ಕೇಳುತ್ತಿದ್ದರು. ನಾನೂ ಬಿಟ್ಟೆ. ಯಾರೋ ಹುಡುಗ ಕೊಟ್ಟ ವಿಷಯ ಇದೇ: ಹೇಮಾವತಿಗೆ ಕಟ್ಟೆ ಕಟ್ಟಿದ್ದು ಸರಿಯೇ? ಆ ಕ್ಲಾಸಿನಲ್ಲಿ ನಾಲೆ ನೀರಿನ ಊರುಗಳ ಮಕ್ಕಳಿದ್ದರು, ಮುಳುಗಡೆಯಾಗಿ ಬಂದು ನೆಲೆ ನಿಂತ ಕಾಲೋನಿಯ ಮಕ್ಕಳೂ ಇದ್ದರು. ಮೇಡಂ ಮೊದಲು ‘ಸರಿ’ ಎಂಬ ಕಡೆ ಹಿಡಿದರು, ಅಂದರೆ ಬಲಗೈ. ನಾಲೆಯ ಊರುಗಳ ಕಥೆಯನ್ನೆಲ್ಲ ಹೇಳಿ, ಕಾಲೋನಿಯ ಹುಡುಗನೊಬ್ಬ ಎದ್ದು ಎದುರು ಮಾತಾಡಿದಾಗ ಈ ಮಾತು ಅಂದರು:

“ಮುಳುಗಿದವರಿಗೆ ಜಮೀನು ಕೊಟ್ಟಾಯ್ತು, ಮನೆ ಕೊಟ್ಟಾಯ್ತು. ಇನ್ನೂ ಎಷ್ಟು ತಲೆಮಾರು ಅಳ್ತಾ ಕೂತಿರ್ತಾರೆ ಇವರು?”

ಆಮೇಲೆ ಸೀಮೆಸುಣ್ಣ ಕೈ ಬದಲಾಯಿಸಿತು. “ಬದಲಿ ಜಮೀನು ಕೊಡಬಹುದು. ಬದಲಿ ಬಾವಿ ತೋಡಬಹುದು. ನಿಮ್ಮಜ್ಜಿ ಸಮಾಧಿಗೆ ಬದಲಿ ಸಮಾಧಿ ಎಲ್ಲಿ ತರ್ತೀರ?” ಎಂದು ಅವರು ಎಡಗಡೆಗೆ ಬಂದಾಗ ನಾನು ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟೆ. ಅದು ಯಾರ ಅಜ್ಜಿಯೆಂದು ಅಷ್ಟು ಜನರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕ್ಲಾಸು ಬಿಟ್ಟಾಗ ನಾಲೆ ಕಡೆಯ ಹುಡುಗಿಯರೂ ಕಣ್ಣು ಒರೆಸಿಕೊಳ್ಳುತ್ತಾ ಹೊರಗೆ ಬಂದರು.

ಫೋನಿನಲ್ಲಿ ಯಾರೋ ವಿಡಿಯೋ ಮಾಡಿದ್ದರು. ಊರೂರು ಸುತ್ತಿದ್ದು ಬಲಗೈಯ ಆ ಒಂದು ತುಣುಕು. ‘ಪ್ರೊಫೆಸರ್ ನಾಲಿಗೆ ನೋಡಿ’ ಎಂದು ತಲೆಬರಹ ಬೇರೆ. ಯಾರು ತೆಗೆದರೆಂದು ಗೊತ್ತಾಗಲಿಲ್ಲ, ಗೊತ್ತು ಮಾಡಿಕೊಳ್ಳಲು ಮೇಡಂ ಬಿಡಲೂ ಇಲ್ಲ. “ಹುಡುಗರು ಕಣೇ. ಅರ್ಧ ಕೇಳಿ ಎದ್ದು ಹೋಗೋ ವಯಸ್ಸು,” ಎಂದರು.

ಚುನಾವಣೆ ಹತ್ತಿರವಿತ್ತು. ಸೋಮವಾರ ಬೆಳಿಗ್ಗೆ ಗೇಟಿನ ಮುಂದೆ ಕಾಲೋನಿಯ ಜನ ಬೋರ್ಡು ಹಿಡಿದು ನಿಂತಿದ್ದರು. ಅವರ ಮುಂದಾಳು ಒಬ್ಬ ವಯಸ್ಸಾದ ಯಜಮಾನರು, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. “ನಾವು ಎಂಗೆ ಎದ್ದು ಬಂದ್ವಿ ಅಂತ ಇವ್ರಿಗೇನ್ ಗೊತ್ತು ಸಾ? ಮೊಳಕಾಲುದ್ದ ನೀರ್ನಾಗೆ ಮಕ್ಳುನ್ನ ಒತ್ಕಂಡು ಬಂದೋರು ನಾವು! ಈಯಮ್ಮ ಫ್ಯಾನ್ ಕೆಳಗೆ ನಿಂತ್ಕಂಡು ಅಳಬ್ಯಾಡಿ ಅಂತದೆ!” ಎಂದು ಅವರು ಪ್ರಿನ್ಸಿಪಾಲರಿಗೆ ಹೇಳಿದರು. ಅದು ಯಾವ ಪಕ್ಷದವರೂ ಹೇಳಿಕೊಟ್ಟ ಮಾತಲ್ಲ, ಸ್ವಂತ ಸಂಕಟ.

ಇದಕ್ಕಿಂತ ಕಷ್ಟವಾದದ್ದು ಮಾರನೇ ದಿನ. ನಾಲೆ ಕಡೆಯ ಮುಖಂಡರು ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ಮೇಡಂಗೆ ಸನ್ಮಾನ ಮಾಡಲು ಬಂದರು! ಧೈರ್ಯವಾಗಿ ಸತ್ಯ ಹೇಳಿದ ಪ್ರೊಫೆಸರ್ ಎಂದು. ಮೇಡಂ ಶಾಲು ಹೊದೆಸಿಕೊಳ್ಳಲಿಲ್ಲ. “ನಾನು ಹೇಳಿದ್ದು ಅರ್ಧ. ಇನ್ನರ್ಧ ಕೇಳಿದ್ರೆ ಈ ಶಾಲು ವಾಪಸ್ ತಗೊಂಡು ಹೋಗ್ತೀರ,” ಎಂದು ಕೈ ಮುಗಿದರು. ಮುಖಂಡರಿಗೂ ಸಿಟ್ಟು ಬಂತು. ಮೇಡಂ ಸ್ಟಾಫ್ ರೂಮಿಗೆ ಬಂದು ಕುರ್ಚಿಯಲ್ಲಿ ಕುಸಿದು, “ಬೈಯೋರನ್ನಾದ್ರೂ ತಡ್ಕೋಬಹುದು ಕಣೇ, ಈ ಹೊಗಳೋರನ್ನ ಏನು ಮಾಡ್ಲಿ?” ಎಂದರು.

ಟಿ.ವಿ.ಯಲ್ಲಿ ಚರ್ಚೆಯ ಮೇಲೆ ಚರ್ಚೆ. ಪ್ರೊಫೆಸರುಗಳು ಸಂಬಳ ತಗೊಂಡು ಸಿಲಬಸ್ ಮಾಡಬೇಕು, ಸ್ವಂತ ಅಭಿಪ್ರಾಯವನ್ನು ಮಕ್ಕಳ ತಲೆಗೆ ತುಂಬಬಾರದು ಎಂದು ಒಬ್ಬರು. ಅಭಿಪ್ರಾಯ ಹೇಳುವ ಸ್ವಾತಂತ್ರ್ಯವೇ ಇಲ್ಲದಿದ್ದರೆ ಕಾಲೇಜು ಯಾಕೆ ಎಂದು ಇನ್ನೊಬ್ಬರು. ಬೈದವರೂ ಬೆಂಬಲಿಸಿದವರೂ ಒಂದು ವಿಷಯದಲ್ಲಿ ಒಂದೇ ಆಗಿದ್ದರು: ಅದು ಮೇಡಂ ಅಭಿಪ್ರಾಯ ಎಂಬುದರಲ್ಲಿ. ಮೂವತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿ ಒಂದು ದಿನವೂ ತನ್ನ ಅಭಿಪ್ರಾಯ ಹೇಳದ ಹೆಂಗಸು, ಅಭಿಪ್ರಾಯ ಹೇಳಿದ ತಪ್ಪಿಗೆ ಸಿಕ್ಕಿಕೊಂಡಿದ್ದರು. ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಆಡಳಿತ ಮಂಡಳಿಯ ಅಧ್ಯಕ್ಷರು ಕೆಟ್ಟವರಲ್ಲ. ಅವರಿಗೂ ಎರಡು ಕಡೆಯಿಂದ ಒತ್ತಡ. ಮೇಡಂ ಅವರನ್ನೂ, ಪಕ್ಕದ ಕೋಣೆಯಲ್ಲಿ ಕೇಳಿಸಿಕೊಂಡ ನನ್ನನ್ನೂ ವಿಚಾರಣೆಗೆ ಕರೆದರು. ಅದರ ಹಿಂದಿನ ದಿನ ನಾನು ಮೇಡಂಗೆ ಹೇಳಿದೆ, “ನಾನು ಹೇಳಿಬಿಡ್ತೀನಿ ಮೇಡಂ. ನಿಮ್ಮ ತವರೇ ಮುಳುಗಿದೆ ಅಂತ ಒಂದು ಮಾತು ಹೇಳಿದ್ರೆ ಎಲ್ಲ ಮುಗಿಯುತ್ತೆ. ಗೇಟಿನ ಮುಂದೆ ನಿಂತವರೇ ಬಂದು ಕೈ ಮುಗೀತಾರೆ.”

“ಬಾಯಿ ಮುಚ್ಚು,” ಎಂದರು. ಬಾಯಿ ಬಿಡಿಸುವುದೇ ಕೆಲಸವಾಗಿದ್ದವರ ಬಾಯಲ್ಲಿ ಆ ಮಾತು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ. ಆಮೇಲೆ ತಾವೇ ಸಮಾಧಾನದಲ್ಲಿ ಹೇಳಿದರು. “ಕೈ ಮುಗೀತಾರೆ, ಸರಿ. ಆಮೇಲೆ? ಮುಂದಿನ ಸಲ ನಾಲೆ ಕಡೆ ಹುಡುಗ ಎದ್ದು ನಿಂತ್ರೆ, ನಿನ್ನ ಮನೆ ಮುಳುಗಿತ್ತೇನೋ, ಕೂತ್ಕೋ ಅಂತಾರೆ. ನನ್ನ ಮಾತು ಸರಿ ಆಗಬೇಕಾದ್ರೆ ನಾನು ಯಾರ ಮಗಳು ಅಂತ ತೋರಿಸಬೇಕಾ? ಹಂಗಾದ್ರೆ ರಾಜರ ಪಾಠ ಮಾಡೋಕೆ ರಾಜರನ್ನೇ ಕರ್ಕೊಂಡು ಬರಬೇಕಾಗುತ್ತೆ. ನೀನು ಹೇಳಿದ್ರೆ ನಾನು ಉಳೀತೀನಿ ಕಣೇ, ಆ ಕ್ಲಾಸ್ ಉಳಿಯಲ್ಲ. ಹೇಳಲ್ಲ ಅಂತ ಮಾತು ಕೊಡು.”

ಕೊಟ್ಟೆ. ಸಿಟ್ಟಿನಲ್ಲೇ ಕೊಟ್ಟೆ.

ವಿಚಾರಣೆಯಲ್ಲಿ ಅಧ್ಯಕ್ಷರು ಮೊದಲು ಕಾಫಿ ತರಿಸಿದರು. “ಮೇಡಮ್ಮೋರೆ, ನೀವು ದೊಡ್ಡೋರು, ನಿಮ್ಗೆ ನಾನ್ ಹೇಳೋ ಅಷ್ಟಿಲ್ಲ. ಅದು ನನ್ನ ಸ್ವಂತ ಅಭಿಪ್ರಾಯ ಅಲ್ಲ ಅಂತ ಒಂದ್ ಸಾಲು ಹೇಳ್ಬಿಡಿ. ಇಲ್ಲಿಗೆ ಬಿಟ್ಬಿಡಾಣ,” ಎಂದರು.

“ಅದು ನನ್ನದಲ್ಲ ಅಂದ್ರೆ ಇನ್ನೊಂದು ನಂದು ಅಂತ ಆಗುತ್ತಲ್ಲ ಸಾರ್,” ಎಂದರು ಮೇಡಂ.

“ಆಗ್ಲಿ ಬಿಡಿ, ಏನೀಗ?”

“ನಾಳೆ ಶನಿವಾರ ನಾನು ಏನು ಬರೆದ್ರೂ ಹುಡುಗರು ನನ್ನ ಮುಖ ನೋಡ್ತಾರೆ, ಬೋರ್ಡ್ ನೋಡಲ್ಲ. ನನ್ನ ಕಡೆ ಯಾವುದು ಅಂತ ಗೊತ್ತಾದ ದಿನ ಅರ್ಧ ಕ್ಲಾಸು ಹೆದರಿ ಸುಮ್ಮನಾಗುತ್ತೆ, ಇನ್ನರ್ಧ ಮಾರ್ಕ್ಸಿಗೆ ತಲೆ ಆಡಿಸುತ್ತೆ.”

ಅಧ್ಯಕ್ಷರು ನಿಟ್ಟುಸಿರು ಬಿಟ್ಟು ನನ್ನ ಕಡೆ ತಿರುಗಿದರು. ನಾನು ಕೇಳಿದ್ದನ್ನೆಲ್ಲ ಹೇಳಿದೆ: ಬಲಗಡೆಯ ಮಾತು, ಎಡಗಡೆಯ ಮಾತು, ಸಮಾಧಿಯ ಮಾತು, ಅತ್ತ ಹುಡುಗಿಯರು. ಅವರು ಎಲ್ಲ ಕೇಳಿಸಿಕೊಂಡು, “ಅದು ಸರೀನಮ್ಮ. ನೀನು ಇವರ ಸ್ಟೂಡೆಂಟು, ಪಕ್ಕದಲ್ಲೇ ಕೂರ್ತೀಯ. ನಿಜವಾಗ್ಲೂ ಇವರು ಯಾವ ಕಡೆ ಅಂತ ನೀನೇ ಹೇಳು,” ಎಂದರು.

ನಾಲಿಗೆಯ ತುದಿಯಲ್ಲಿ ಒಣಮರದ ಬೊಡ್ಡೆ ಇತ್ತು. ಪಕ್ಕದಲ್ಲಿ ಮೇಡಂ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೆಲ ನೋಡುತ್ತಿದ್ದರು. ಹೇಳಿದರೆ ಅವರಿಗೆ ಕೊಟ್ಟ ಮಾತು ಹೋಯಿತು. ಹೇಳದಿದ್ದರೆ ಅವರೇ ಹೋದರು. ಆ ಕೋಣೆಗೆ ಕಿಟಕಿಯಿರಲಿಲ್ಲವೋ ಅಥವಾ ಮುಚ್ಚಿದ್ದರೋ, ಉಸಿರು ಕಟ್ಟಿದ ಹಾಗಾಯಿತು.

“ಗೊತ್ತಿಲ್ಲ ಸಾರ್,” ಎಂದೆ.

ಅದು ಸುಳ್ಳಲ್ಲ. ಅವರ ಮನೆ ಎಲ್ಲಿ ಮುಳುಗಿದೆ ಎಂದು ಗೊತ್ತಿತ್ತು, ಅವರ ಅಣ್ಣನ ಗದ್ದೆಗೆ ಎಲ್ಲಿಂದ ನೀರು ಬರುತ್ತದೆ ಎಂದು ಗೊತ್ತಿತ್ತು. ಅವರು ಯಾವ ಕಡೆಯೆಂದು ನಿಜಕ್ಕೂ ಗೊತ್ತಿರಲಿಲ್ಲ. ಅಷ್ಟು ವರ್ಷ ಜೊತೆಗಿದ್ದವಳಿಗೇ ಗೊತ್ತಿಲ್ಲ ಎಂದರೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ ಎಂದು ನನಗನ್ನಿಸಿತು. ಅಧ್ಯಕ್ಷರಿಗೆ ಹಾಗನ್ನಿಸಲಿಲ್ಲ. ನಾನೂ ಜಾರಿಕೊಳ್ಳುತ್ತಿದ್ದೇನೆ ಎಂದುಕೊಂಡರು.

ಮೇಡಂ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಇನ್ನೊಂದು ಗಲಾಟೆ. ಇನ್ನು ಮೇಲೆ ಪಾಠ ಬೇಡ, ಲೈಬ್ರರಿ ನೋಡಿಕೊಳ್ಳಿ ಎಂದರು. ಲೈಬ್ರರಿ ಇರುವುದು ಅದೇ ವರಾಂಡದ ತುದಿಯಲ್ಲಿ. ಬೆಳಿಗ್ಗೆ ಬಂದು ಸಹಿ ಹಾಕಿ ಮೇಡಂ ಒಳಗೆ ಕೂರುತ್ತಿದ್ದರು. ಕ್ಲಾಸುಗಳ ಸದ್ದು ಕೇಳಿಸುತ್ತಿತ್ತು, ಒಳಗೆ ಕಾಲಿಡುವಂತಿಲ್ಲ. ಶನಿವಾರದ ಕೊನೆಯ ಪಿರಿಯಡ್ಡಿಗೆ ವ್ಯಕ್ತಿತ್ವ ವಿಕಸನ ಎಂದು ಹೆಸರಿಟ್ಟು ಪರದೆಯ ಮೇಲೆ ಯಾರದೋ ಭಾಷಣ ಹಾಕಲು ಶುರು ಮಾಡಿದರು. ಹುಡುಗರು ಅಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು.

ಮೇಡಂ ಅಲ್ಲೂ ಸುಮ್ಮನಿರಲಿಲ್ಲ. ಯಾರಾದರೂ ಒಂದು ಪುಸ್ತಕ ಕೇಳಿದರೆ ಅದಕ್ಕೆ ವಿರುದ್ಧ ಹೇಳುವ ಇನ್ನೊಂದು ಪುಸ್ತಕ ಹುಡುಕಿ ಎರಡನ್ನೂ ಕೊಡುತ್ತಿದ್ದರು. “ಎರಡೂ ಓದದೆ ವಾಪಸ್ ತಂದ್ರೆ ತಗೊಳಲ್ಲ” ಎಂದು ಗದರಿಸುವುದು ಬೇರೆ. ಒಂದು ಕಾರ್ಡಿಗೆ ಒಂದೇ ಪುಸ್ತಕ ಎಂಬ ನಿಯಮವನ್ನು ಪ್ರಿನ್ಸಿಪಾಲರು ಎಲ್ಲಿಂದಲೋ ತೆಗೆದು ಬಾಗಿಲಿಗೆ ಅಂಟಿಸಿದರು. ಅವತ್ತು ಮಾತ್ರ ಮೇಡಂ ಊಟದ ಡಬ್ಬಿ ತೆರೆಯಲಿಲ್ಲ. ನಾನು ಪಕ್ಕದಲ್ಲಿ ಕೂತು, “ಇಷ್ಟೆಲ್ಲ ಯಾಕೆ ಮೇಡಂ ಹಟ? ಒಂದು ಮಾತು ಹೇಳಿದ್ರೆ ನಾಳೆ ಕ್ಲಾಸಿಗೆ ಹೋಗಬಹುದು,” ಎಂದೆ. ಅವರು ತಮ್ಮ ಬೆರಳು ತೋರಿಸಿದರು. “ನೋಡು, ಎಷ್ಟು ಕ್ಲೀನಾಗಿದೆ,” ಎಂದರು. ಆ ಬೆರಳು ನೋಡಿ ನನಗೆ ಅಳು ತಡೆಯಲು ಆಗಲಿಲ್ಲ.

ನಿವೃತ್ತಿಯ ದಿನ ಹಾರ ಹಾಕಿ ಕಳಿಸಿದರು. ಅದಾದ ಕೆಲವು ತಿಂಗಳಿಗೆ ಪಾರ್ಶ್ವವಾಯು ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಹಾಸನದ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವರೇ ನನ್ನನ್ನು ನಗಿಸಿದರು. ಮಾತು ತೊದಲುತ್ತಿತ್ತು. “ನೋಡೇ, ಈಗ ಒಂದೇ ಕಡೆ ವಾದ ಮಾಡೋ ಹಾಗಾಯ್ತು. ಅಧ್ಯಕ್ಷರಿಗೆ ಹೇಳು, ಖುಷಿ ಪಡ್ತಾರೆ.” ಎಡಗೈಯಿಂದ ನನ್ನ ಕೈ ಹಿಡಿದುಕೊಂಡು, ಹೊರಡುವ ತನಕ ಬಿಡಲಿಲ್ಲ. ಮತ್ತೊಂದು ಸಲ ಹೊಡೆದಾಗ ಆ ಕೈಯೂ ಹೋಯಿತು, ಅವರೂ ಹೋದರು.

ಮನೆ ಮುಂದೆ ಶಾಮಿಯಾನ ಹಾಕಿದ್ದರು. ಹಳೆಯ ವಿದ್ಯಾರ್ಥಿಗಳು ಬಹಳ ಬಂದಿದ್ದರು. ಆ ಕಾಲೋನಿಯ ಯಜಮಾನರೂ ಬಂದದ್ದು ನೋಡಿ ನನಗೆ ಆಶ್ಚರ್ಯವಾಯಿತು. ಕ್ಲಾಸಿನಲ್ಲಿ ಅಂದು ಎದುರು ಮಾತಾಡಿದ ಹುಡುಗ ಅವರ ಮೊಮ್ಮಗನಂತೆ, ಅವನೇ ಹಟ ಹಿಡಿದು ಕರೆತಂದಿದ್ದ. ಯಜಮಾನರು ದೂರ ನಿಂತಿದ್ದವರು ಮೇಡಂ ಅವರ ಅಣ್ಣನನ್ನು ಕಂಡು ಹತ್ತಿರ ಬಂದರು.

“ನೀವು ಪರಿಹಾರದ ಆಫೀಸ್ತಾವ ನಮ್ ಜತೇಲಿ ಕೂರ್ತಿದ್ದೋರಲ್ವಾ? ಆ ಮುಳ್ಗೋದ ಊರೋರು? ಇಲ್ಲೇನ್ ಬಂದ್ರಿ?”

“ನನ್ನ ತಂಗಿ,” ಎಂದರು ಅಣ್ಣ, ಒಳಗೆ ಕೈ ತೋರಿಸಿ.

ಯಜಮಾನರು ಹಾಗೇ ಜಗುಲಿಯ ಮೇಲೆ ಕೂತುಬಿಟ್ಟರು. ಪಕ್ಕದಲ್ಲಿದ್ದ ನನ್ನನ್ನು ಕೇಳಿದರು. “ನಿಂಗೆ ಗೊತ್ತಿತ್ತೇನವ್ವಾ?”

“ಗೊತ್ತಿತ್ತು.”

“ಒಂದ್ ಮಾತು ಯೋಳ್ಬಾರ್ದಿತ್ತಾ? ನಮ್ ಪೈಕಿ ಎಣ್ಮಗಳು ಅಂತ ಗೊತ್ತಿದ್ರೆ ನಾವ್ ಅಂಗೆ ಬೋರ್ಡ್ ಇಡ್ಕಂಡು ನಿಲ್ತಿದ್ವಾ? ನಮ್ಮೋಳು ಏನಾರ ಅನ್ಲಿ, ಅವ್ಳಿಗೆ ಅಕ್ಕು ಐತೆ ಅಂತ ಸುಮ್ಕಾಯ್ತಿದ್ವಿ.”

“ಅದಕ್ಕೇ ಅವರು ಹೇಳಲಿಲ್ಲ ಕಣಜ್ಜ,” ಎಂದೆ.

ಅವರಿಗೆ ಅರ್ಥವಾಯಿತೋ ಇಲ್ಲವೋ. ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತರು. ನನಗೂ ಅರ್ಥವಾಗಿದೆಯೆಂದು ಎದೆ ಮುಟ್ಟಿ ಹೇಳಲಾರೆ. ಮೇಡಂ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆ ಮಾತು ಹೇಳಿಬಿಡಬಹುದಿತ್ತು ಎಂದು ಬಲಗಡೆಯಲ್ಲಿ ಬರೆಯುತ್ತೇನೆ. ಹೇಳಿದ್ದರೆ ಅವರು ಅವರಾಗಿರುತ್ತಿರಲಿಲ್ಲ ಎಂದು ಎಡಗಡೆಯಲ್ಲಿ ಬರೆಯುತ್ತೇನೆ. ಗೆರೆ ಹಾಗೇ ನಿಂತಿದೆ.

ಈ ವರ್ಷ ಶನಿವಾರದ ಕೊನೆಯ ಪಿರಿಯಡ್ ನನಗೆ ಬಂದಿದೆ. ಭಾಷಣದ ಪರದೆ ಕೆಟ್ಟುಹೋಗಿ, ರಿಪೇರಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನು ಯಾರಿಗೂ ಹೇಳದೆ ಗೆರೆ ಎಳೆಯಲು ಶುರು ಮಾಡಿದೆ. ನನಗೆ ಎಡಗೈಯಲ್ಲಿ ಬರೆಯಲು ಬರುವುದಿಲ್ಲ, ಎರಡು ಕಡೆಯೂ ಬಲಗೈಯೇ. ಫೋನುಗಳನ್ನು ಮೊದಲೇ ಬ್ಯಾಗಿಗೆ ಹಾಕಿಸುತ್ತೇನೆ. ಬಾಗಿಲನ್ನೂ ಹಾಕಿಸುತ್ತೇನೆ. ಮೇಡಂ ಒಂದು ದಿನವೂ ಹಾಕದಿದ್ದ ಬಾಗಿಲು. ಮುಚ್ಚಿದ ಕೋಣೆಯಲ್ಲಿ ನನ್ನ ದನಿ ನನಗೇ ಬೇರೆಯವರದ್ದೆಂಬಂತೆ ಕೇಳುತ್ತದೆ. ಹೊರಗೆ ಹೆಜ್ಜೆ ಸದ್ದಾದರೆ ಮಾತು ತಾನಾಗಿ ಇಳಿಯುತ್ತದೆ. ಹುಡುಗರಿಗೂ ಅದು ಗೊತ್ತು.

ಹೋದ ಶನಿವಾರ ಸೆಕೆಯಿತ್ತು. ನಾನು ಬೋರ್ಡಿನ ಕಡೆ ತಿರುಗಿ ಒಂದು ಸಾಲು ಬರೆಯುತ್ತಿದ್ದೆ. ನನಗೇ ಆಗಿಬರದ ಮಾತದು, ಹೊರಗೆ ಯಾರಾದರೂ ಕೇಳಿಸಿಕೊಂಡರೆ ಮುಂದಿನ ವರ್ಷದ ಲೆಕ್ಚರರುಗಳ ಪಟ್ಟಿಯಲ್ಲಿ ನನ್ನ ಹೆಸರು ಇರಲಿಕ್ಕಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮೇಡಂ, ಉಸಿರು ಕಟ್ತಿದೆ,” ಎಂದವಳೇ ನನ್ನ ಅಪ್ಪಣೆಗೂ ಕಾಯದೆ ಎದ್ದು ಬಾಗಿಲು ತೆಗೆದಳು. ವರಾಂಡದಲ್ಲಿ ಪ್ರಿನ್ಸಿಪಾಲರು ಬರುತ್ತಿದ್ದರು. ನನ್ನ ಕೈ ನಿಂತಿತು. ಮುಚ್ಚು ಎಂದು ಹೇಳಲು ಬಾಯಿ ತೆರೆದೆ. ಇಡೀ ಕ್ಲಾಸು ನನ್ನ ಕಡೆ ನೋಡುತ್ತಿತ್ತು, ನಾವು ಒಂದು ಕಾಲದಲ್ಲಿ ಅವರನ್ನು ನೋಡುತ್ತಿದ್ದ ಹಾಗೆ.

ಮುಚ್ಚು ಎನ್ನಲಿಲ್ಲ. ಸಾಲು ಪೂರ್ತಿ ಮಾಡಿದೆ, ಗಟ್ಟಿಯಾಗಿ ಓದಿಯೂ ಹೇಳಿದೆ. ಪ್ರಿನ್ಸಿಪಾಲರು ಒಂದು ಕ್ಷಣ ನಿಂತು, ಮುಂದೆ ಹೋದರು. ಮುಂದೆ ಏನಾಗುತ್ತದೋ ಗೊತ್ತಿಲ್ಲ.

ಆ ಸಾಲು ಗೆರೆಯ ಯಾವ ಕಡೆಯದು ಎಂದು ಮಾತ್ರ ಕೇಳಬೇಡಿ. ಬೆಲ್ ಆಯಿತು.